ಸಂಕಲ್ಪಸಿದ್ಧ ಅರಸ ವೀರಪಾಂಡ್ಯ ಭೈರರಸ

ಮೂಡಿಗೆರೆಯಿಂದ ಕೊಟ್ಟಿಗೆಹಾರವನ್ನು ಹಾದು ಕಳಸದ ಕಡೆಗೆ ಸಾಗುವ ಯಾತ್ರಿಕರ ಕಣ್ಣಿಗೆ ಇಂದು ಎತ್ತ ನೋಡಿದರೂ ಕಾಫಿಯ ತೋಟಗಳೇ ಗೋಚರಿಸುತ್ತವೆ. ವೀರಪಾಂಡ್ಯ ಭೈರರಸನು ಈ ನಾಡನ್ನು ಆಳಿದ ಕಾಲದಲ್ಲಿ ಇಲ್ಲಿ ಕಾಫಿಯ ಒಂದು ಗಿಡವೂ ಇರಲಿಲ್ಲ. ಆ ಬೀಜವು ಚಂದ್ರದ್ರೋಣ ಪರ್ವತಕ್ಕೆ ಬಂದದ್ದು 17ನೆಯ ಶತಮಾನದಲ್ಲೆಂದು ಪ್ರತೀತಿ. ದೊಡ್ಡ ತೋಟಗಳು ಎದ್ದದ್ದು 19ನೆಯ ಶತಮಾನದಲ್ಲಿ. ಅಂದಿನ ಕಳಸದ ಸಂಪತ್ತೆಂದರೆ ಕಾಳುಮೆಣಸು, ಏಲಕ್ಕಿ, ಅಡಕೆ ಮತ್ತು ಕಣಿವೆಗಳ ಭತ್ತದ ಗದ್ದೆಗಳು. ಮಲೆಯ ಸರಕು ಘಟ್ಟವನ್ನಿಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿತ್ತು. ಅಲ್ಲಿಂದ ಉಪ್ಪು ಮೇಲೇರುತ್ತಿತ್ತು. ಘಟ್ಟದ ಮೇಲೊಂದು ಕಾಲು, ಕೆಳಗೊಂದು ಕಾಲು ಇಟ್ಟು ನಿಂತ ರಾಜ್ಯವದು. ಅದನ್ನು ಇತಿಹಾಸಕಾರರು ಕಳಸ–ಕಾರ್ಕಳ ರಾಜ್ಯವೆಂದು ಕರೆಯುವುದು ಯಥೋಚಿತವಾಗಿದೆ.

ಕಾರ್ಕಳದ ಗೊಮ್ಮಟಸ್ವಾಮಿಯನ್ನು ಅರಿಯದ ಜೈನರು ನಮ್ಮಲ್ಲಿ ಇರಲಾರರು. ಆದರೆ ಆ ಮೂರ್ತಿಯನ್ನು ನಿಲ್ಲಿಸಿದ ಅರಸನ ಮನೆತನವು ನಮ್ಮ ಕಳಸದಿಂದ ಇಳಿದುಹೋದದ್ದೆಂಬುದು ಈ ಮಲೆನಾಡಿನ ಎಳೆಯರಲ್ಲಿ ಅನೇಕರಿಗೆ ತಿಳಿಯದು. ನೂತನ ಜಿನಬಿಂಬದ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ, ಐದುನೂರ ತೊಂಬತ್ತು ವರ್ಷಗಳಿಗೂ ಹಿಂದೆ ಒಂದು ಬಿಂಬಪ್ರತಿಷ್ಠೆಯನ್ನೇ ತನ್ನ ಬಾಳಿನ ಗುರಿಯನ್ನಾಗಿ ಮಾಡಿಕೊಂಡು ಅದನ್ನು ನೆರವೇರಿಸಿದ ಅರಸನನ್ನು ಸ್ಮರಿಸುವುದು ಉಚಿತವೆಂದು ಭಾವಿಸಿ ಈ ಲೇಖನಕ್ಕೆ ತೊಡಗಿದ್ದೇನೆ.

ಭೈರರಸರು ಸಾಂತರರ ಕುಲದವರು. ಜಿನದತ್ತರಾಯನು ಪದ್ಮಾವತಿ ಅಮ್ಮನವರ ಕೃಪೆಯಿಂದ ಪೊಂಬುಚ್ಚದಲ್ಲಿ ರಾಜ್ಯವನ್ನು ಸ್ಥಾಪಿಸಿದ ಕಥೆಯು ಹೊಂಬುಜಕ್ಷೇತ್ರಕ್ಕೆ ಹೋಗಿಬಂದ ಪ್ರತಿಯೊಬ್ಬರಿಗೂ ತಿಳಿದದ್ದೇ. ಕಾಲಕ್ರಮದಲ್ಲಿ ಆ ಕುಲದ ಒಂದು ಶಾಖೆಯು ದಕ್ಷಿಣಕ್ಕೆ ಸರಿದು, ಸಿಸಿಲವನ್ನು ಹಾದು, ಭದ್ರಾನದಿಯ ದಂಡೆಯ ಕಳಸದಲ್ಲಿ ನೆಲೆಯೂರಿತು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ಇಲ್ಲಿಂದಲೇ ರಾಜ್ಯಭಾರ ಮಾಡಿದರು. ಜಿನಭಕ್ತರಾದ ಈ ಮನೆತನದವರು ಕಳಸನಾಥನ ದೇವಾಲಯಕ್ಕೂ ದತ್ತಿಗಳನ್ನು ಬಿಟ್ಟಿದ್ದಾರೆ. ಆ ಶಾಸನಶಿಲೆಗಳು ಕಳಸದಲ್ಲಿವೆ. ಪ್ರಜೆಗಳ ದೇವರನ್ನು ಗೌರವಿಸುತ್ತ ತಮ್ಮ ಧರ್ಮವನ್ನು ಅಚಲವಾಗಿ ಪಾಲಿಸುವ ಈ ನಡೆ ಅವರಿಗೆ ರಾಜನೀತಿಯಷ್ಟೇ ಆಗಿರದೆ ಅನೇಕಾಂತದ ಆಚರಣೆಯೂ ಆಗಿತ್ತೆಂದು ನನ್ನ ನಂಬಿಕೆ. ಮುಂದೆ ಕೆರ್ವಾಶೆ, ಕಾರ್ಕಳಗಳಿಗೆ ಇಳಿದ ಮೇಲೂ ಅವರು ತಮ್ಮ ಬಿರುದುಗಳಲ್ಲಿ ಪೊಂಬುಚ್ಚಪುರದ ಹೆಸರನ್ನು ಕೈಬಿಡಲಿಲ್ಲ. ಕಳಸವೂ ಅವರ ಕೈತಪ್ಪಲಿಲ್ಲ. ಸಂಸೆ, ಕುದುರೆಮುಖ, ಮಾಳದ ಘಟ್ಟದ ಹಾದಿಯು ಅವರ ರಾಜ್ಯದ ಬೆನ್ನೆಲುಬಾಗಿತ್ತು.

ಇಂಥ ಕುಲದಲ್ಲಿ, ಸೋಮವಂಶದವನೆನಿಸಿದ ಭೈರವೇಂದ್ರನ ಮಗನಾಗಿ ವೀರಪಾಂಡ್ಯನು ಜನಿಸಿದನು. ಅವನ ಬಾಲ್ಯವನ್ನು ವರ್ಣಿಸಿದ ಚರಿತ್ರೆಗಳಿಲ್ಲ. ಮಲೆನಾಡಿನ ಸಣ್ಣ ಅರಸರಿಗೆ ಆಸ್ಥಾನ ಇತಿಹಾಸಕಾರರಿರಲಿಲ್ಲ. ಅವನು ಪಟ್ಟವೇರಿದಾಗ ರಾಜ್ಯವು ವಿಜಯನಗರದ ಸಾರ್ವಭೌಮತ್ವಕ್ಕೆ ಒಳಪಟ್ಟಿತ್ತು. ಬಾರಕೂರಿನಲ್ಲಿ ವಿಜಯನಗರದ ರಾಜ್ಯಪಾಲನಿದ್ದನು. ಆ ಕಾಲದಲ್ಲಿ ಜಿನಧರ್ಮಕ್ಕೆ ರಾಯರ ಆಶ್ರಯವಿದ್ದುದಕ್ಕೆ ವರಂಗದ ನೇಮಿನಾಥ ಬಸದಿಗೆ 1424ರಲ್ಲಿ ದೇವರಾಯನು ಆ ಗ್ರಾಮವನ್ನೇ ಬಿಟ್ಟುಕೊಟ್ಟದ್ದು ಸಾಕ್ಷಿ. ಆದರೂ ಗಂಗರ, ಹೊಯ್ಸಳರ ಕಾಲದ ವೈಭವವು ನಮ್ಮ ಧರ್ಮಕ್ಕೆ ಅಂದು ಉಳಿದಿರಲಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದರೆ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರಿನಲ್ಲಿ, ಜೈನಮುನಿಯ ಆಶೀರ್ವಾದದಿಂದ ಹುಟ್ಟಿತೆನ್ನಲಾದ ಆ ಸಾಮ್ರಾಜ್ಯವು ಅಳಿದು ಆಗಲೇ ಮೂರು ತಲೆಮಾರುಗಳು ಕಳೆದಿದ್ದವು. ಇನ್ನು ಮುಂದೆ ಬೃಹತ್ತಾದುದನ್ನು ಯಾರು ಕಟ್ಟಿಸಿಯಾರು ಎಂದು ಶ್ರಾವಕರು ಶಂಕಿಸಬಹುದಾಗಿದ್ದ ಕಾಲದಲ್ಲಿ ಒಬ್ಬ ಸಾಮಂತನು ಬೃಹತ್ತಾದ ಸಂಕಲ್ಪವನ್ನು ಕೈಗೊಂಡನು.

ಸಂಕಲ್ಪವನ್ನು ಪ್ರೇರಿಸಿದವರು ಗುರುಗಳಾದ ಪೂಜ್ಯ ಲಲಿತಕೀರ್ತಿ ಭಟ್ಟಾರಕರು. ಅವರು ದೇಶೀಗಣದ ಪನಸೋಗೆ ಪರಂಪರೆಯವರು. ಈ ಪನಸೋಗೆಯೆಂಬುದು ಇಂದಿನ ಮೈಸೂರು ಜಿಲ್ಲೆಯ ಹನಸೋಗೆ. ಕಾವೇರಿಯ ತೀರದ ಆ ಪ್ರಾಚೀನ ಜೈನಕೇಂದ್ರದ ಗುರುಪರಂಪರೆಯು ತುಳುನಾಡಿಗೆ ಬಂದು ಕಾರ್ಕಳದ ಮಠವಾಗಿ ಬೆಳೆಯಿತು. ಅಲ್ಲಿಯ ಪಟ್ಟಾಚಾರ್ಯರು ಲಲಿತಕೀರ್ತಿ ಎಂಬ ಅಭಿಧಾನವನ್ನೇ ಧರಿಸುತ್ತ ಬಂದಿದ್ದಾರೆ. ಗುರುಗಳ ಉಪದೇಶದಂತೆ ಬಾಹುಬಲಿಸ್ವಾಮಿಯ ಮೂರ್ತಿಯನ್ನು ಮಾಡಿಸಿದನೆಂದು ಮೂರ್ತಿಯ ಪಾರ್ಶ್ವದ ಶಾಸನವು ಸಾರುತ್ತದೆ.

ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ನಮ್ಮ ಮನೆಗಳಲ್ಲಿ ಚಾತುರ್ಮಾಸ್ಯ ಬಂದಾಗ, ದಶಲಕ್ಷಣಪರ್ವ ಬಂದಾಗ, ಹಿರಿಯರು ಮುನಿಗಳ ಎದುರಿನಲ್ಲಿ ನಿಂತು ನಿಯಮ ಹಿಡಿಯುವುದುಂಟು. ಒಬ್ಬರು ನಾಲ್ಕು ತಿಂಗಳು ಸೂರ್ಯಾಸ್ತದ ಬಳಿಕ ಆಹಾರ ಸ್ವೀಕರಿಸುವುದಿಲ್ಲವೆನ್ನುತ್ತಾರೆ. ಇನ್ನೊಬ್ಬರು ಒಂದು ರಸವನ್ನು ಬಿಡುತ್ತಾರೆ. ಮತ್ತೊಬ್ಬರು ಪ್ರತಿದಿನ ಇಷ್ಟು ಹೊತ್ತು ಸ್ವಾಧ್ಯಾಯವೆಂದು ಗೊತ್ತುಮಾಡಿಕೊಳ್ಳುತ್ತಾರೆ. ನಾಳೆಯಿಂದ ಒಳ್ಳೆಯವನಾಗುತ್ತೇನೆ ಎಂಬ ಮಾತನ್ನು ಯಾವ ಮುನಿಯೂ ನಿಯಮವೆಂದು ಒಪ್ಪುವುದಿಲ್ಲ. ಏನನ್ನು, ಎಷ್ಟು, ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗಿರಬೇಕು, ಗುರುಸಾಕ್ಷಿ ಇರಬೇಕು. ಪರಿಗ್ರಹಪರಿಮಾಣವ್ರತದಲ್ಲಂತೂ ಗುರಿಯೆಂದರೆ ಪಡೆಯಬೇಕಾದುದರ ಎಣಿಕೆಗಿಂತ ಮೊದಲು ಇದಕ್ಕಿಂತ ಹೆಚ್ಚು ಬೇಡವೆಂಬ ಎಲ್ಲೆ. ವೀರಪಾಂಡ್ಯನ ಸಂಕಲ್ಪವು ಈ ಶ್ರಾವಕಸಂಪ್ರದಾಯದಿಂದಲೇ ಬಂದದ್ದೆಂದು ನನಗೆ ತೋರುತ್ತದೆ. ಬೆಳಗೊಳದಲ್ಲಿ ಚಾವುಂಡರಾಯನು 981ರಲ್ಲಿ ಪ್ರತಿಷ್ಠಿಸಿದ ಮೂರ್ತಿಯ ಎತ್ತರ 58 ಅಡಿ. ಕಾರ್ಕಳದ ಮೂರ್ತಿ ಸುಮಾರು 42 ಅಡಿ. ಬೆಳಗೊಳವನ್ನು ಮೀರಿಸಬೇಕೆಂಬ ಹಟಕ್ಕೆ ಬಿದ್ದಿದ್ದರೆ ಈ ಮಲೆಯ ಅರಸನ ಕೆಲಸವು ಬಹುಶಃ ಬಂಡೆಯಲ್ಲಿಯೇ ಅರ್ಧಕ್ಕೆ ನಿಂತುಹೋಗುತ್ತಿತ್ತು.

ಆ ಕೆಲಸದ ಕಷ್ಟವಾದರೂ ಎಂಥದು! ಬೆಳಗೊಳದಲ್ಲಿ ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡಿದು ಮೂರ್ತಿಯನ್ನು ಬಿಡಿಸಲಾಯಿತು. ಶಿಲೆಯನ್ನು ಕದಲಿಸುವ ಪ್ರಮೇಯವೇ ಬರಲಿಲ್ಲ. ಕಾರ್ಕಳದಲ್ಲಿ ಹಾಗಲ್ಲ. ಶಿಲೆಯನ್ನು ಬೇರೆಡೆಯಲ್ಲಿ ಆರಿಸಿ, ಕಡಿದು, ಮೂರ್ತಿಯ ರೂಪಕ್ಕೆ ತಂದು, ನುಣುಪಾದ ಹೆಬ್ಬಂಡೆಯ ಗುಡ್ಡದ ಮೇಲಕ್ಕೆ ಎಳೆದೊಯ್ದು ನಿಲ್ಲಿಸಬೇಕಾಗಿತ್ತು. ಮೂರ್ತಿಯ ಭಾರ ಸುಮಾರು 80 ಟನ್ನುಗಳೆಂದು ಹಿಂದಿನ ಅಂದಾಜು. ಕವಿ ಚಂದ್ರಮನು 1646ರಲ್ಲಿ, ಅಂದರೆ ಘಟನೆಯಾಗಿ 214 ವರ್ಷಗಳ ಬಳಿಕ, ರಚಿಸಿದ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ಯು ಈ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಇಪ್ಪತ್ತು ಗಾಲಿಗಳ ಬಂಡಿಯೊಂದನ್ನು ಮಾಡಿಸಿ, ಪೂಜೆ ಸಲ್ಲಿಸಿ, ಲೆಕ್ಕವಿಲ್ಲದಷ್ಟು ತೆಂಗಿನಕಾಯಿಗಳನ್ನು ಒಡೆದು, ಅಪಾರ ಜನಸ್ತೋಮವು ಹಗ್ಗ ಹಿಡಿದು ಎಳೆಯಿತೆಂದು ಸಂಪ್ರದಾಯವು ಹೇಳುತ್ತದೆ. ಕವಿಯ ಉತ್ಪ್ರೇಕ್ಷೆಯನ್ನು ಬದಿಗಿಟ್ಟರೂ ಮೂಲಸಂಗತಿಯು ಕಣ್ಣೆದುರಿಗಿದೆ: ಶಿಲೆಯು ಗುಡ್ಡದ ಮೇಲಿದೆ, ಮತ್ತು ಅಂದು ಯಂತ್ರಗಳಿರಲಿಲ್ಲ.

ಎಳೆಯುವಾಗ ಹಗ್ಗ ಹರಿದರೆ, ಗಾಲಿ ಜಾರಿದರೆ, ಶಿಲೆಯಲ್ಲಿ ಅಡಗಿದ್ದ ಒಂದು ಬಿರುಕು ಬಾಯಿಬಿಟ್ಟರೆ ಎಲ್ಲವೂ ವ್ಯರ್ಥ. ಜೀವಹಾನಿಯ ಭಯ ಬೇರೆ. ಅಹಿಂಸೆಯೇ ಪರಮಧರ್ಮವೆನ್ನುವ ಕುಲದ ಅರಸನು ತೀರ್ಥಂಕರಪುತ್ರನ ಮೂರ್ತಿಗಾಗಿ ಜನರನ್ನು ಅಂಥ ಅಪಾಯಕ್ಕೆ ಒಡ್ಡಬಹುದೇ ಎಂಬ ಪ್ರಶ್ನೆ ಅವನನ್ನು ಕಾಡದೆ ಇದ್ದೀತೇ? ಬೊಕ್ಕಸವೂ ಸಣ್ಣದು. ಮೆಣಸಿನ ಸುಂಕ, ಭತ್ತದ ಗೇಣಿಗಳಿಂದ ಬಂದ ಹಣದಲ್ಲಿಯೇ ಶಿಲ್ಪಿಗಳಿಗೆ, ಆಳುಗಳಿಗೆ, ಎತ್ತುಗಳಿಗೆ ಅನ್ನ ಮೇವು ಒದಗಬೇಕು. ಮಳೆಗಾಲದ ನಾಲ್ಕು ತಿಂಗಳು ಈ ಪ್ರದೇಶದಲ್ಲಿ ಯಾವ ಭಾರದ ಕೆಲಸವೂ ನಡೆಯದು. ಒಂದು ಕಾಲದ ಕೆಲಸವು ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ತೋಟ ಗದ್ದೆಗಳ ಕೆಲಸವನ್ನು ಬಲ್ಲ ನಮ್ಮ ಮಲೆನಾಡಿನ ಓದುಗರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಶಾಲಿವಾಹನ ಶಕ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಅಂದರೆ 1432ನೆಯ ಇಸವಿಯ ಫೆಬ್ರವರಿ 13. ಅಂದು ಬಾಹುಬಲಿಸ್ವಾಮಿಯ ಪ್ರತಿಷ್ಠೆಯು ನೆರವೇರಿತು. ವಿಜಯನಗರದ ಇಮ್ಮಡಿ ದೇವರಾಯನೇ ಉತ್ಸವಕ್ಕೆ ಬಂದಿದ್ದನೆಂದು ಪ್ರತೀತಿ.

ಬಾಹುಬಲಿಯನ್ನೇ ಆರಿಸಿಕೊಂಡದ್ದರಲ್ಲಿ ಒಂದು ವಿಶೇಷವಿದೆ. ಗೆದ್ದ ಮರುಕ್ಷಣವೇ ರಾಜ್ಯವನ್ನು ತೊರೆದವನ ಮೂರ್ತಿಯನ್ನು ರಾಜ್ಯವಾಳುತ್ತಿದ್ದವನು ನಿಲ್ಲಿಸಿದನು. ಬಾಹುಬಲಿಯ ಕಥೆಯಾದರೂ ಗುರಿಯ ಕಥೆಯೇ ಆಗಿದೆ. ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ಬಳ್ಳಿ ತೋಳುಗಳನ್ನು ಸುತ್ತಿತು. ದೇಹವು ಮಾಡಬಹುದಾದ ತಪಸ್ಸೆಲ್ಲವೂ ಮುಗಿಯಿತು. ಕೇವಲಜ್ಞಾನವು ಮಾತ್ರ ಉದಯಿಸಲಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಒಂದು ಶಲ್ಯವು ಮನಸ್ಸಿನಲ್ಲಿ ಉಳಿದಿತ್ತು. ತಾನಿನ್ನೂ ಭರತನ ನೆಲದ ಮೇಲೆಯೇ ನಿಂತಿದ್ದೇನೆಂಬ ಭಾವವೆಂದು ಹೇಳುವವರೂ ಉಂಟು. ಭರತನು ಬಂದು ಪೂಜಿಸಿದಾಗ ಆ ಮುಳ್ಳು ಕಳಚಿತು, ಜ್ಞಾನವು ಬೆಳಗಿತು. ಕಾರ್ಕಳದ ಮೂರ್ತಿಯ ಕಾಲ ಬಳಿಯ ಹುತ್ತ, ಸರ್ಪ, ಬಳ್ಳಿಗಳನ್ನು ನೋಡುವ ಮಕ್ಕಳಿಗೆ ಹಿರಿಯರು ಈ ಮುಳ್ಳಿನ ಕಥೆಯನ್ನೂ ಹೇಳಬೇಕು. ಅದನ್ನು ಹೇಳದಿದ್ದರೆ ಅವು ಬರಿಯ ಅಲಂಕಾರಗಳಾಗಿ ತೋರುತ್ತವೆ.

ಸಂಕಲ್ಪವು ಈಡೇರಿದ ಮೇಲೆ ವೀರಪಾಂಡ್ಯನು ಸುಮ್ಮನೆ ಕುಳಿತವನಲ್ಲ. 1436ರಲ್ಲಿ ಗೊಮ್ಮಟಸ್ವಾಮಿಯ ಎದುರಿನಲ್ಲಿ ಬ್ರಹ್ಮದೇವಸ್ತಂಭವನ್ನು ನಿಲ್ಲಿಸಿದನು. ಮೂರ್ತಿಯನ್ನು ನೋಡುವ ಭರದಲ್ಲಿ ಯಾತ್ರಿಕರು ಈ ಕಂಬವನ್ನು ಗಮನಿಸದೆ ಹೋಗುವುದನ್ನು ಕಂಡಿದ್ದೇನೆ. ಮುಂದಿನ ಸಲವಾದರೂ ಒಂದು ನಿಮಿಷ ನಿಂತು ನೋಡಬೇಕೆಂದು ವಿನಂತಿ. ಲಲಿತಕೀರ್ತಿಗಳ ಶಿಷ್ಯರಾದ ಕಲ್ಯಾಣಕೀರ್ತಿಗಳು 1439ರಲ್ಲಿ ‘ಜ್ಞಾನಚಂದ್ರಾಭ್ಯುದಯ’ವನ್ನು ರಚಿಸಿದರು, ಅವರ ‘ಕಾಮನಕಥೆ’ಯು ಭೈರವಸುತನಾದ ಪಾಂಡ್ಯರಾಯನ ಕೋರಿಕೆಯಿಂದ ಹುಟ್ಟಿದ ಕೃತಿ. ಶಿಲೆಯ ಕೆಲಸ ಮುಗಿದ ಬಳಿಕ ಅರಸನ ಆಸಕ್ತಿಯು ತಾಳೆಗರಿಯ ಕಡೆಗೆ ಹರಿಯಿತು.

ಇಷ್ಟು ಹೇಳಿ ಮುಗಿಸಿದರೆ ಸ್ತುತಿಪಾಠವಾದೀತು. ತುಳುನಾಡಿನ ಜನರು ಇದೇ ಮೂರ್ತಿಯನ್ನು ಕುರಿತು ಬೇರೊಂದು ಕಥೆಯನ್ನು ಹಾಡುತ್ತಾರೆ. ಕಲ್ಕುಡ–ಕಲ್ಲುರ್ಟಿಯರ ಪಾಡ್ದನವೆಂದು ಅದಕ್ಕೆ ಹೆಸರು. ಬಾಸೆಲ್ ಮಿಷನ್ನಿನ ಮ್ಯಾನರ್ ಅವರು 1886ರಲ್ಲಿ ಪ್ರಕಟಿಸಿದ ಪಾಡ್ದನಗಳ ಸಂಗ್ರಹದಿಂದ ಈ ಬಗೆಯ ಹಾಡುಗಳು ವಿದ್ವಾಂಸರ ಗಮನಕ್ಕೂ ಬಂದವು. ಆ ಕಥೆಯಂತೆ, ಕಾರ್ಕಳದ ಮೂರ್ತಿಯನ್ನು ಕಡೆದ ಶಿಲ್ಪಿ ಬೀರ ಕಲ್ಕುಡನು ಇಂಥ ಮತ್ತೊಂದನ್ನು ಬೇರೆಲ್ಲಿಯೂ ಮಾಡಬಾರದೆಂದು ಭೈರವ ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನು. ಅವನು ಹಾಗೆಯೇ ವೇಣೂರಿಗೆ ಹೋಗಿ, ಉಳಿದ ಒಂದು ಕೈಯಿಂದ ಅಜಿಲ ಅರಸನಿಗೆ ಗೊಮ್ಮಟನನ್ನು ಕಡೆದುಕೊಟ್ಟನು. ಅವನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಪೀಡಿಸಿದರು.

ನಮ್ಮ ಸಮಾಜದ ಹಿರಿಯರಲ್ಲಿ ಕೆಲವರು ಈ ಕಥೆಯನ್ನು ಎತ್ತಲೇಬಾರದೆನ್ನುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಇತಿಹಾಸದ ದೃಷ್ಟಿಯಿಂದ ಇದಕ್ಕೆ ಉತ್ತರ ಸುಲಭವಾಗಿದೆ. ವೇಣೂರಿನ 35 ಅಡಿಯ ಮೂರ್ತಿಯನ್ನು ತಿಮ್ಮಣ್ಣ ಅಜಿಲನು ಪ್ರತಿಷ್ಠಿಸಿದ್ದು 1604ರಲ್ಲಿ. ಎರಡು ಮೂರ್ತಿಗಳ ನಡುವೆ 172 ವರ್ಷಗಳ ಅಂತರವಿದೆ; ಒಬ್ಬನೇ ಶಿಲ್ಪಿ ಎರಡನ್ನೂ ಕಡೆಯಲು ಸಾಧ್ಯವಿಲ್ಲ. ಆದುದರಿಂದ ವೀರಪಾಂಡ್ಯನ ಮೇಲೆ ಈ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಜನರು ಏಕೆ ಹೀಗೆ ಹಾಡಿದರು? ಶಾಸನದಲ್ಲಿ ಅರಸನ ಹೆಸರಿದೆ, ಗುರುಗಳ ಹೆಸರಿದೆ, ತಿಥಿವಾರಗಳಿವೆ; ಉಳಿ ಹಿಡಿದ ಕೈಗಳ ಹೆಸರು ಅಲ್ಲಿಲ್ಲ. ಆ ಕೊರತೆಯನ್ನು ಪಾಡ್ದನವು ತನ್ನ ರೀತಿಯಲ್ಲಿ ತುಂಬಿತು. ಕಲ್ಕುಡನು ಇಂದಿಗೂ ತುಳುನಾಡಿನಲ್ಲಿ ಕೋಲವನ್ನು ಪಡೆಯುತ್ತಾನೆ. ಸಾಧನೆಯು ಕೈಸೇರಿದ ಮೇಲೆ ಅದು ತನ್ನೊಬ್ಬನದೇ ಆಗಿರಬೇಕು, ಇನ್ನೊಬ್ಬನಿಗೆ ದೊರಕಬಾರದು ಎಂಬ ಮೋಹವನ್ನು ಜನರು ಅರಸೊತ್ತಿಗೆಯಲ್ಲಿ ಕಂಡಿದ್ದರು. ಅದನ್ನು ಯಾವ ಅರಸನಲ್ಲಿ ಕಂಡರೆಂಬುದೂ ಊಹೆಗೆ ನಿಲುಕದ್ದಲ್ಲ.

ವೀರಪಾಂಡ್ಯನ ಕುಲದಲ್ಲಿ ಮುಂದೆ ಗುಮ್ಮಟಾಂಬೆ ಎಂಬ ರಾಜಕುಮಾರಿ ಹುಟ್ಟಿದಳು. ಮೂರ್ತಿಯು ಅರಮನೆಯ ಮಗಳ ಹೆಸರಾಗುವಷ್ಟು ಆ ಮನೆತನಕ್ಕೆ ಹತ್ತಿರವಾಗಿತ್ತು. ಆಕೆಯ ಮಗನಾದ ಇಮ್ಮಡಿ ಭೈರರಸನು ಸೋದರಮಾವನ ಬಳಿಕ ಪಟ್ಟವೇರಿ, 1586ರಲ್ಲಿ ಗೊಮ್ಮಟಬೆಟ್ಟದ ಎದುರಿನ ಗುಡ್ಡದ ಮೇಲೆ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ನಾಲ್ಕು ದಿಕ್ಕುಗಳಿಗೂ ಬಾಗಿಲು. ಯಾವ ಬಾಗಿಲಿನಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ತ್ರಿಭುವನತಿಲಕವೆಂಬ ಹೆಸರಿಗೆ ತಕ್ಕ ಚೈತ್ಯಾಲಯವದು. ಇಂಥ ಧರ್ಮಕಾರ್ಯವನ್ನು ಮಾಡಿದ ಅದೇ ಅರಸನು, ವೇಣೂರಿನಲ್ಲಿ ಗೊಮ್ಮಟಮೂರ್ತಿ ಸಿದ್ಧವಾಗುತ್ತಿರುವ ಸುದ್ದಿ ಕೇಳಿ, ತನ್ನ ಕಾರ್ಕಳದ ಕೀರ್ತಿಗೆ ಕುಂದಾದೀತೆಂದು ಅದನ್ನು ತಡೆಯಲು ಹೊರಟನೆಂದು ಐತಿಹ್ಯವಿದೆ. ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡನಂತೆ. ಬಾಹುಬಲಿಯ ಮೂರ್ತಿಗಾಗಿಯೇ ಇಬ್ಬರು ಜೈನ ಅರಸರು ಕತ್ತಿ ಹಿರಿಯುವಂತಾಯಿತು! ಭರತಬಾಹುಬಲಿಯರ ಕಥೆಯಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ತೀರ್ಮಾನವಾಗಿ ಸೈನಿಕರ ರಕ್ತವು ಉಳಿಯಿತು. ಆ ವಿವೇಕವು ಇವರಿಗೆ ಇರಲಿಲ್ಲ. ವೀರಪಾಂಡ್ಯನು ಬೆಳಗೊಳದೊಡನೆ ಸ್ಪರ್ಧಿಸಲಿಲ್ಲ. ಅವನ ಉತ್ತರಾಧಿಕಾರಿಯು ವೇಣೂರಿನೊಡನೆ ಸ್ಪರ್ಧಿಸಿದನು. ಕಲ್ಕುಡನ ಹಾಡಿನ ಬೇರು ಇಲ್ಲಿಯೇ ಇದ್ದೀತೆಂದು ನನ್ನ ಊಹೆ.

ಭೈರರಸರ ರಾಜ್ಯವು ಮುಂದೆ ಕೆಳದಿಯ ನಾಯಕರ ಒತ್ತಡಕ್ಕೆ ಸಿಕ್ಕಿ ಕುಗ್ಗಿಹೋಯಿತು. ಅರಮನೆಗಳು ಅಳಿದವು.

ಕಾರ್ಕಳದ ಕಲ್ಲಿನ ಕೆಲಸ ಮಾತ್ರ ನಿಲ್ಲಲಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಶ್ರೀ ರತ್ನವರ್ಮ ಹೆಗ್ಗಡೆಯವರು ಬಾಹುಬಲಿಮೂರ್ತಿಯ ಸಂಕಲ್ಪವನ್ನು ಮಾಡಿದಾಗ ಕೆತ್ತನೆಗೆ ಆರಿಸಿಕೊಂಡ ಸ್ಥಳವು ಕಾರ್ಕಳವೇ. ಕೆಲಸವನ್ನು ಒಪ್ಪಿಸಿದ್ದು ಅಲ್ಲಿಯ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರಿಗೆ. 1967ರಲ್ಲಿ ಕಾರ್ಯವು ಆರಂಭವಾಯಿತು. ಮರುವರ್ಷವೇ ಹೆಗ್ಗಡೆಯವರು ದಿವಂಗತರಾದರು. ತಂದೆಯ ಸಂಕಲ್ಪವನ್ನು ಅವರ ಪುತ್ರರಾದ ಡಾ. ವೀರೇಂದ್ರ ಹೆಗ್ಗಡೆಯವರು ಕೈಗೆತ್ತಿಕೊಂಡರು. 1973ರಲ್ಲಿ 39 ಅಡಿಯ ಆ ಮೂರ್ತಿಯು ಕಾರ್ಕಳದಿಂದ ಧರ್ಮಸ್ಥಳಕ್ಕೆ ಹೊರಟಾಗ ದಾರಿಯುದ್ದಕ್ಕೂ ಜನರು ನೆರೆದರು. ಯಂತ್ರಬಲದ ಕಾಲದಲ್ಲಿಯೂ ಅದು ನಿಧಾನವಾಗಿ, ಭಯಭಕ್ತಿಗಳಿಂದ ಸಾಗಿದ ಪಯಣವಾಗಿತ್ತು. ಇಪ್ಪತ್ತು ಗಾಲಿಗಳ ಬಂಡಿಯ ಕಥೆಯನ್ನು ಕವಿಕಲ್ಪನೆಯೆಂದು ನಗುತ್ತಿದ್ದವರಿಗೆ ವೀರಪಾಂಡ್ಯನ ಸಾಹಸದ ಅಳತೆ ಅಂದು ತಿಳಿದಿರಬೇಕು. ಪ್ರತಿಷ್ಠೆಯು 1982ರಲ್ಲಿ ನೆರವೇರಿತು. ಈ ಬಾರಿ ಶಿಲ್ಪಿಯ ಹೆಸರು ನಾಡಿಗೆಲ್ಲ ತಿಳಿದಿತ್ತು.

ಕಳಸವು ಬಹುಕಾಲ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು, ಇತ್ತೀಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ಅಲ್ಲಿಂದ ಸಂಸೆಯ ಬಸದಿಯ ಊರನ್ನು ಹಾದು, ಕುದುರೆಮುಖದ ಹುಲ್ಲುಗಾವಲುಗಳ ಬದಿಯಲ್ಲಿ, ಮಾಳದ ಘಟ್ಟವನ್ನಿಳಿದು ಬಜಗೋಳಿಯ ಮೂಲಕ ಕಾರ್ಕಳಕ್ಕೆ ಹೋಗುವ ರಸ್ತೆಯು ಬಹುಮಟ್ಟಿಗೆ ಭೈರರಸರ ಹಾದಿಯೇ. 2002ರಲ್ಲಿಯೂ 2015ರ ಜನವರಿಯಲ್ಲಿಯೂ ಕಾರ್ಕಳದಲ್ಲಿ ಮಹಾಮಸ್ತಕಾಭಿಷೇಕವು ನಡೆಯಿತು. ಘಟ್ಟದ ಮೇಲಿನ ಶ್ರಾವಕರು ಆ ದಿನಗಳಲ್ಲಿ ತೋಟದ ಕೊಯ್ಲಿನ ನಡುವೆಯೂ ಬಿಡುವು ಮಾಡಿಕೊಂಡು, ಬೆಳಗಿನ ಮಂಜಿನಲ್ಲಿಯೇ ಮಕ್ಕಳನ್ನೆಬ್ಬಿಸಿ, ಬುತ್ತಿ ಕಟ್ಟಿಕೊಂಡು ಆ ಘಟ್ಟವನ್ನಿಳಿದರು. ಕಬ್ಬಿನ ಹಾಲು, ಎಳನೀರು, ಅರಿಸಿನ, ಚಂದನಗಳು ಸ್ವಾಮಿಯ ಹೆಗಲಿನಿಂದ ಬಳ್ಳಿಯ ಮೇಲೆ, ಬಳ್ಳಿಯಿಂದ ಹುತ್ತದ ಮೇಲೆ ಇಳಿದು ಬಂದುದನ್ನು ಅವರು ಬ್ರಹ್ಮದೇವಸ್ತಂಭದ ಬಳಿ ನಿಂತು ನೋಡಿದರು.